ತವರಿನ ಗೋಡೆಯ ಕೆಂಪು ಗೆರೆ

ಬನಹಟ್ಟಿಯಿಂದ ಬೆಳಗಿನ ಜಮಖಂಡಿ ಬಸ್ಸಿಗೆ ನಾನು ಮತ್ತು ಅವ್ವ ಹೊರಟೆವು. ಅಪ್ಪ ತೀರಿಕೊಂಡು ತಿಂಗಳಾಗಿತ್ತು. ಗಂಡನನ್ನು ಕಳೆದುಕೊಂಡ ಮಗಳನ್ನು ತವರಿನವರು ಕರೆದು, ಉಣಿಸಿ, ಹೊಸ ಸೀರೆ ಉಡಿಸಿ ಕಳಿಸುವುದು ನಮ್ಮಲ್ಲಿ ರೂಢಿ. ಅವ್ವನ ತವರು ಬೀಳಗಿಯಾಚೆ, ಹಿನ್ನೀರಿನ ಕಡೆ. ಅವಳಿಗೆ ಎಪ್ಪತ್ತು ದಾಟಿದೆ. ಆದರೂ ಕಿಟಕಿಯ ಸೀಟಿಗೆ ನನಗಿಂತ ಮೊದಲು ನುಗ್ಗಿದಳು.

ಹೆಂಗಸರಿಗೆ ಈಗ ಬಸ್ಸು ಪುಕ್ಕಟೆ. ಕಂಡಕ್ಟರ್ ಆಧಾರ್ ನೋಡಿ ಎರಡು ಚೀಟಿ ಹರಿದುಕೊಟ್ಟ. ಮೊದಲೆಲ್ಲ ಅವ್ವ ತವರಿಗೆ ಹೊರಟರೆ ಅಪ್ಪ ಬಸ್‌ಸ್ಟ್ಯಾಂಡಿಗೆ ಬಂದು, ತಾವೇ ಟಿಕೆಟ್ ತೆಗೆಸಿ, ಕಿಟಕಿಯಿಂದ ನೀರಿನ ಬಾಟಲಿ ಕೊಟ್ಟು, ಬಸ್ಸು ತಿರುಗುವವರೆಗೂ ನಿಲ್ಲುತ್ತಿದ್ದರು. ತಾವು ಮಾತ್ರ ಹತ್ತುತ್ತಿರಲಿಲ್ಲ. ಚೀಟಿಯನ್ನು ಮಡಚುತ್ತ ಅವ್ವ ತನ್ನ ಹಳೆಯ ದೂರನ್ನು ತೆಗೆದಳು.

“ಸ್ಟ್ಯಾಂಡಿನ ಮಟಾ ಬರಾಂವಗ ನನ್ನ ತವರಿನ ಹೊಸ್ತಿಲಾ ತುಳಿಯಾಕ ಏನಾಗಿತ್ತ?”

ರಸ್ತೆಯ ತುಂಬ ಕಬ್ಬಿನ ಟ್ರ್ಯಾಕ್ಟರುಗಳು. ಅರ್ಧ ತಾಸಿನ ದಾರಿಗೆ ಒಂದು ತಾಸು ಹಿಡಿಯಿತು. ಅಷ್ಟೂ ಹೊತ್ತು ನಾನು ಅಪ್ಪನನ್ನೇ ನೆನೆಯುತ್ತಿದ್ದೆ. ರಬಕವಿಯ ನೇಕಾರರ ಮನೆಯಲ್ಲಿ ಹುಟ್ಟಿ, ಮಗ್ಗದ ಸದ್ದಿನಲ್ಲೇ ಓದಿ, ಸೈನ್ಯ ಸೇರಿ ಗಡಿಯಲ್ಲಿ ಸೇತುವೆ ಕಟ್ಟಿದವರು. ಊರಿಗೆ ಮರಳಿದ ಮೇಲೆ ನೀರಾವರಿ ಕೆಲಸದಲ್ಲಿ ಎಂಜಿನಿಯರ್ ಆದರು, ಕಚೇರಿ ಮುಧೋಳದಲ್ಲಿತ್ತು. ಬೆಳಗ್ಗೆ ನನ್ನ ಜಡೆ ಹೆಣೆಯುವುದೂ ಅವರೇ. ಅವರು ಹಾಕಿದ ಜಡೆ ಸಂಜೆವರೆಗೂ ಸಡಿಲಾಗುತ್ತಿರಲಿಲ್ಲ, ನನ್ನ ತಲೆನೋವೂ ಅಷ್ಟೆ. ಮನೆಯವರಿಗಾಗಿ ಏನು ಬೇಕಾದರೂ ಮಾಡುತ್ತಿದ್ದರು. ಬಾಯಿಬಿಟ್ಟು ಒಂದು ಮಾತು ಕೇಳುವುದು ಮಾತ್ರ ಅವರಿಂದ ಆಗುತ್ತಿರಲಿಲ್ಲ.

ಅಣೆಕಟ್ಟಿನ ನೀರು ಎಲ್ಲಿಯವರೆಗೆ ಏರುತ್ತದೆಂದು ಅಳೆದು ಗುರುತು ಹಾಕುವ ಕೆಲಸ ಅವರ ಪಾಲಿಗೆ ಬಂದಿತ್ತು. ಮುಳುಗುವ ಊರುಗಳಲ್ಲಿ ಅವ್ವನ ತವರೂ ಒಂದು. ಆ ಮನೆಯ ಗೋಡೆಯ ಮೇಲೆ ಕೆಂಪು ಗೆರೆ ಎಳೆದದ್ದು ಆ ಮನೆಯ ಅಳಿಯನೇ. ಆಮೇಲೆ ಊರು ಎತ್ತರದ ಜಾಗಕ್ಕೆ ಹೋಯಿತು. ಅಪ್ಪ ಹೊಸ ಮನೆಯ ಒಳಗೆ ಒಮ್ಮೆಯೂ ಕಾಲಿಡಲಿಲ್ಲ.

ಜಮಖಂಡಿಯಲ್ಲಿ ಬೀಳಗಿ ಬಸ್ಸು ತಡವಾಯಿತು. ಸ್ಟ್ಯಾಂಡಿನ ಎದುರು ಮಂಡಕ್ಕಿಯ ಸೂಸಲಾ, ಮಿರ್ಚಿ ತಿಂದೆವು. ಖಾರಕ್ಕೆ ಅವ್ವನ ಕಣ್ಣಲ್ಲಿ ನೀರು ಬಂದರೂ ದೂರು ನಿಲ್ಲಲಿಲ್ಲ.

“ಹೊಸಾ ಮನಿ ವಾಸ್ತುಶಾಂತಿಗಿ ನಾ ಮೊದಲ ಹೋಗಿದ್ದೆ. ನಿನ್ನನ್ನ ಸ್ಕೂಟರ್ ಮ್ಯಾಲ ಕರಕೊಂಡ ಬರ್ತೇನಿ ಅಂದಿದ್ರು. ಬರಲೇ ಇಲ್ಲ. ಕೇಳಿದ್ರ ಗಾಡಿ ಕೆಟ್ಟಿತ್ತಂತ. ಮಿಲಿಟರಿ ಲಾರಿ ರಿಪೇರಿ ಮಾಡಾಂವಗ ಸ್ಕೂಟರ್ ರಿಪೇರಿ ಆಗಲಿಲ್ಲಂತ.”

ಗಾಡಿ ಕೆಟ್ಟಿರಲಿಲ್ಲ. ನಾನು ಹಿಂದೆ ಕೂತಿದ್ದೆ. ಆ ಊರಿನ ಬೇವಿನ ಗಿಡದವರೆಗೂ ಹೋಗಿ ಅಪ್ಪ ಸ್ಕೂಟರ್ ತಿರುಗಿಸಿದ್ದರು. ಯಾಕೆಂದು ನನಗೆ ತಿಳಿದಿರಲಿಲ್ಲ. ಅವ್ವನಿಗೆ ಹೇಳಬೇಡ ಎಂದಿದ್ದರು, ಹೇಳಿರಲಿಲ್ಲ.

ಬೀಳಗಿ ಮುಟ್ಟುವಷ್ಟರಲ್ಲಿ ಬಿಸಿಲೇರಿತ್ತು. ಟಂಟಂ ಆಟೋದ ಚಾಲಕನಿಗೆ ಊರಿನ ಹೆಸರು ಹೇಳಿದೆ.

“ಹೊಸಾದ್ಕೋ, ಹಳೇದ್ಕೋ?” ಎಂದ. “ಹಳೇದಕ್ಕಾದ್ರ ಈಸಬೇಕಾಕ್ಕೈತ್ರಿ,” ಎಂದು ತಾನೇ ನಕ್ಕ. ಅವ್ವ ನಗಲಿಲ್ಲ. ಹೊಸ ಊರಿಗೆ ತಲೆಗೆ ಮೂವತ್ತು ರೂಪಾಯಿ ತೆಗೆದುಕೊಂಡ.

ಅವ್ವನ ತಮ್ಮ, ನನ್ನ ಸೋದರಮಾವ, ಕಟ್ಟೆಯ ಮೇಲೆ ಕಾಯುತ್ತಿದ್ದ. ಈಗಲೂ ನೇಯುತ್ತಾನೆ. ಅಕ್ಕನಿಗೆ ಕೊಡುವ ಸೀರೆಯನ್ನೂ ಅವನೇ ನೇಯ್ದಿದ್ದ. ಬಿಸಿ ರೊಟ್ಟಿ, ಬದನೆಕಾಯಿ, ಶೇಂಗಾ ಹಿಂಡಿ ಉಂಡು ಹೊರಗೆ ಕೂತೆವು. ಮದುವೆ, ಮಕ್ಕಳು ಎಂದು ನಾನು ಇತ್ತ ಬಂದು ಬಹಳ ವರ್ಷಗಳಾಗಿದ್ದವು. ಸುಣ್ಣ ಬಳಿದ ಗೋಡೆಯಲ್ಲಿ ಒಂದು ಕಲ್ಲನ್ನು ಮಾತ್ರ ಹಾಗೇ ಬಿಟ್ಟಿದ್ದರು, ಚಿಕ್ಕವಳಿದ್ದಾಗ ನಾನದನ್ನು ಗಮನಿಸಿರಲಿಲ್ಲ. ಅದರ ಮೇಲೆ ಮಾಸಿದ ಕೆಂಪು ಗೆರೆಯಿತ್ತು.

“ಇದು ಹಳೇ ಮನೀದೇನ್ ಮಾಮಾ?”

“ಹೂಂನವಾ. ನಿಮ್ಮಪ್ಪಾರ ಎಳದ ಗೆರಿ,” ಎಂದ ಮಾವ. “ಇಷ್ಟ ಎತ್ತರಕ್ಕ ನೀರ ಬರಂಗಿಲ್ಲ ಅಂತ ಊರ ಮಂದಿ ನಕ್ಕಿದ್ರು. ಹೇಣ್ತಿ ತವರಮನಿ ಗ್ವಾಡಿಗಿ ಯಾವ ಅಳಿಯಾ ಸುಳ್ಳ ಗೆರಿ ಎಳೀತಾನ, ಮಗ್ಗಾ ಬಿಚ್ಚರಿ ಅಂದ ನಮ್ಮಪ್ಪ. ಮಗ್ಗಾ, ತೊಲಿ, ಬಾಗಲಾ, ಈ ಕಲ್ಲಾ ಎಲ್ಲಾ ಮೊದಲ ತಂದ್ವಿ. ಬಾಜೂ ಮನಿ ಗ್ವಾಡಿ ಮ್ಯಾಲಿನ ಗೆರಿಗಿ ನೀರ ಬಂದ ನಿಂತತು. ಅವರ ಮಗ್ಗಾ ಹ್ವಾದ್ವು. ನಮ್ಮನ್ನ ಉಳಸಿದ ಕಲ್ಲಂತ ಇದನ್ನ ಮುಂದ ಕೂಡಿಸೇವಿ. ದೀಪಾವಳಿಗಿ ಪೂಜಿ ಮಾಡ್ತೇವಿ.”

ಆ ದಿನ ಬೇವಿನ ಗಿಡದ ಕೆಳಗೆ, ಎಂಜಿನ್ ಚಾಲೂ ಇರುವಾಗಲೇ ಅಪ್ಪ ಆಡಿದ ಮಾತು ಈಗ ಅರ್ಥವಾಯಿತು. “ಇವ್ರು ಮರ್ತಿಲ್ಲ” ಎಂದಿದ್ದರು. ಮನೆ ಮುಳುಗಿಸಿದ ಗೆರೆಯನ್ನು ತಮ್ಮನ್ನು ಚುಚ್ಚಲೆಂದೇ ಇಟ್ಟಿದ್ದಾರೆ ಎಂದು ಅಪ್ಪ ತಿಳಿದಿದ್ದರು.

“ನಿಮ್ಮಪ್ಪಾರ ಸಾಹೇಬ್ರಾದ್ರು. ನಮ್ಮ ಮನಿ ಸಣ್ಣದಾತಂತ ಬರಲಿಲ್ಲ ಅನ್ಕೊಂಡೆ,” ಎಂದ ಮಾವ.

“ಬಂದಿದ್ರು ಮಾಮಾ,” ಎಂದೆ. ಎಲ್ಲವನ್ನೂ ಹೇಳಿದೆ.

ಮಾವ ಕಲ್ಲಿನ ಕಡೆ ತಿರುಗಿದ. “ಅವರ ಹಾದಿ ನೋಡಿ ನೋಡಿ ಅವತ್ತ ಹೊತ್ತ ಮುಳುಗಿದ ಮ್ಯಾಲ ಉಂಡೇವಿ,” ಎಂದ. “ಬಾಗಲಾ ತೆರದಿತ್ತಲ್ಲವಾ.”

ಅವ್ವ ಅಳಲಿಲ್ಲ. ಎದ್ದು ಹೋಗಿ ಆ ಗೆರೆಯನ್ನು ಬೆರಳಿನಿಂದ ಈ ತುದಿಯಿಂದ ಆ ತುದಿಗೆ ಸವರಿದಳು. ವರ್ಷಕ್ಕೊಮ್ಮೆ ಬಂದಾಗಲೆಲ್ಲ ಈ ಕಲ್ಲನ್ನು ನೋಡಿದವಳೇ. ಗಂಡನ ಮೇಲಿನ ಸಿಟ್ಟಿಗೆ ಮನೆಗೆ ಹೋಗಿ ತವರಿನ ಸುದ್ದಿ ಎತ್ತುತ್ತಿರಲಿಲ್ಲ. ಅವರೂ ಕೇಳುತ್ತಿರಲಿಲ್ಲ. ಒಂದು ಮಾತಿನಲ್ಲಿ ಮುಗಿಯುವುದು ಒಂದು ಆಯುಷ್ಯವಿಡೀ ಹಾಗೇ ಉಳಿಯಿತಲ್ಲ ಎಂದು ನನಗೆ ತಡೆಯಲಾರದ ಸಂಕಟವಾಯಿತು.

ಇಳಿಹೊತ್ತಿಗೆ ಹೊಸ ಸೀರೆಯುಟ್ಟು ಅವ್ವ ಟಂಟಂ ಹತ್ತಿದಳು. ಬೇವಿನ ಗಿಡದ ಹತ್ತಿರ ಬಂದಾಗ, “ಇಲ್ಲೇ ಏನು?” ಎಂದು ಕೇಳಿ ಗಾಡಿ ನಿಲ್ಲಿಸಿದಳು. ಇಬ್ಬರೂ ಇಳಿದು ಹಿಂದೆ ನೋಡಿದೆವು. ಕಟ್ಟೆಯ ಕಂಬ ಅಡ್ಡ ಬಂದಿತ್ತು. ಬಿಳಿ ಗೋಡೆಯಲ್ಲಿ ಕೆಂಪು ಗೆರೆಯ ಕಲ್ಲು ಎದ್ದು ಕಾಣುತ್ತಿತ್ತು. ಕಂಬದ ಹಿಂದಿನ ಬಾಗಿಲು ಕಾಣುತ್ತಿರಲಿಲ್ಲ.

“ಇನ್ನೊಂದೀಟ ಮುಂದ ಬರಬೇಕಿತ್ತ ನಿಮ್ಮಪ್ಪ,” ಎಂದಳು ಅವ್ವ.