ಸ್ಕ್ರೀನು ಬದಲಾದ ಮೇಲೆ ಏಕಾಂತಯ್ಯ

ಅರಸೀಕೆರೆ ರೈಲ್ವೆ ಸ್ಟೇಷನ್ ಮುಂದೆ ಏಕಾಂತಯ್ಯನ ಕಾರು ಹತ್ತಿ ಬೇಲೂರು, ಹಳೇಬೀಡು ನೋಡಿಕೊಂಡು ಬಂದವರನ್ನು ಅವನ ಮುಖ ಹೇಗಿತ್ತು ಎಂದು ಕೇಳಿದರೆ ತಡವರಿಸುತ್ತಾರೆ. ದಿನವಿಡೀ ಅವರು ನೋಡಿದ್ದು ಅವನ ತಲೆಯ ಹಿಂಭಾಗವನ್ನು. ಹಿಂದಿನ ಸೀಟಿನಿಂದ ಏನು ಕೇಳಿದರೂ ಉತ್ತರ ಬರುತ್ತಿತ್ತು, ತಲೆ ಮಾತ್ರ ತಿರುಗುತ್ತಿರಲಿಲ್ಲ. ಜಾವಗಲ್ ಕೆರೆ ಬಂದಾಗ “ಬಲಗಡೆ ನೋಡ್ರೀ, ಹಕ್ಕಿ ಬಂದವೆ” ಎನ್ನುತ್ತಿದ್ದ. ತಾನು ನೋಡುತ್ತಿರಲಿಲ್ಲ.

ಹುಡುಗನಾಗಿದ್ದಾಗ ಕೊಬ್ಬರಿ ಲಾರಿಯಲ್ಲಿ ಕ್ಲೀನರ್ ಆಗಿ ಹತ್ತಿದವನು ಅವನು. ಸ್ಟಿಯರಿಂಗ್ ಕಲಿಸಿದ ಡ್ರೈವರು, ಗೇರು ನೋಡಲು ಕಣ್ಣು ಕೆಳಗಿಳಿಸಿದಾಗಲೆಲ್ಲ ತಲೆಗೊಂದು ಮೊಟಕುತ್ತಿದ್ದ. ಆ ಮೊಟಕಿನ ಪಾಠ ಮೈಯೊಳಗೆ ಇಳಿದು ಕೂತುಬಿಟ್ಟಿತ್ತು. ಲಾರಿ ಬಿಟ್ಟು ಅಂಬಾಸಿಡರ್ ಓಡಿಸಿದ, ಆಮೇಲೆ ಇಂಡಿಕಾ. ಯಾವ ಗಾಡಿಯಾದರೂ ನಾಲ್ಕು ದಿನಕ್ಕೆ ಅದರ ಗುಂಡಿ, ಕಡ್ಡಿ, ತಿರುಪುಗಳೆಲ್ಲ ಅವನ ಕೈಗೆ ಪರಿಚಯವಾಗುತ್ತಿದ್ದವು. ಕಣ್ಣಿಗೆ ರಸ್ತೆಯೊಂದೇ ಕೆಲಸ. ಅಷ್ಟು ವರ್ಷದಲ್ಲಿ ಅವನ ಗಾಡಿಗೆ ಒಂದು ಕೋಳಿಯೂ ಸಿಕ್ಕಿರಲಿಲ್ಲ. ಇದನ್ನು ಅವನು ಹೇಳಿಕೊಳ್ಳುತ್ತಿರಲಿಲ್ಲ. ಹೆಂಡತಿ ಕಮಲಾಕ್ಷಮ್ಮ ಹೇಳಿಕೊಳ್ಳುತ್ತಿದ್ದಳು.

ಏಕಾಂತಯ್ಯ ಕೆಲಸಕ್ಕಿದ್ದ ಟ್ಯಾಕ್ಸಿ ಸ್ಟ್ಯಾಂಡಿನ ಟ್ರಾವೆಲ್ಸ್ ಮಾಲೀಕ ಶರತ್ಚಂದ್ರ ತೆಂಗಿನ ವ್ಯಾಪಾರದ ಮನೆತನದವನು, ಹೊಸದಕ್ಕೆ ಕೈಹಾಕುವ ಉತ್ಸಾಹಿ. ಹಳೆಯ ಡೀಸೆಲ್ ಗಾಡಿಗಳನ್ನೆಲ್ಲ ಮಾರಿ ಕರೆಂಟ್ ಕಾರು ತಂದ. ಒಂದನ್ನು ಏಕಾಂತಯ್ಯನಿಗೆ ಕೊಟ್ಟ. ಏಕಾಂತಯ್ಯ ಒಳಗೆ ಕೂತು ನೋಡಿದರೆ ಒಂದು ಗುಂಡಿಯಿಲ್ಲ, ಒಂದು ತಿರುಪಿಲ್ಲ. ಎದುರಿಗೆ ಸ್ಲೇಟಿಗಿಂತ ದೊಡ್ಡದೊಂದು ಗಾಜಿನ ಸ್ಕ್ರೀನು. ಫ್ಯಾನು, ಏಸಿ, ಹಾಡು, ನಕ್ಷೆ ಎಲ್ಲ ಅದರೊಳಗೆ. ಆವತ್ತು ಮನೆಗೆ ಬಂದವನು ಊಟ ಮಾಡದೆ ಮಲಗಿದ.

ಮರುದಿನ ಕಮಲಾಕ್ಷಮ್ಮ ಕಾರಿನಲ್ಲಿ ಅವನ ಪಕ್ಕ ಬಂದು ಕೂತಳು. ಮೊಬೈಲು ಒತ್ತಿ ಪಳಗಿದ ಕೈ ಅವಳದು. “ಇದೇನು ಹುಲಿನಾ? ಒತ್ತಿ ನೋಡಿ, ಕಚ್ಚಲ್ಲ” ಎಂದು ಒಂದೊಂದೇ ಚಿತ್ರ ತೋರಿಸಿದಳು. ಗಾಜಿನ ಮಬ್ಬು ತೆಗೆಯುವ ಫ್ಯಾನಿನ ಚಿತ್ರ ಸ್ಕ್ರೀನಿನ ಕೆಳಸಾಲಿನಲ್ಲಿತ್ತು, ಯಾವಾಗಲೂ ಅಲ್ಲೇ ಇರುತ್ತಿತ್ತು. ಅವಳು ತನ್ನ ಹಣೆಯ ಬೊಟ್ಟನ್ನು ಕಿತ್ತು ಅದರ ನೇರಕ್ಕೆ ಅಂಚಿನ ಮೇಲೆ ಅಂಟಿಸಿದಳು. “ಬೊಟ್ಟು ಸವರಿ, ಅದರ ಮೇಲ್ಗಡೆ ಒತ್ತಿ. ನೋಡೋದೇ ಬ್ಯಾಡ.”

ಹಾಗೆ ಅವನು ಕಲಿತ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಆ ಕಾರನ್ನು ಇಷ್ಟಪಡಲೂ ತೊಡಗಿದ. ಸದ್ದಿಲ್ಲದ ಗಾಡಿ. ಕೆರೆ ಏರಿ ಮೇಲೆ ಹೋಗುವಾಗ ಹಕ್ಕಿ ಕೂಗುವುದು ಒಳಗೇ ಕೇಳುತ್ತಿತ್ತು. ಲಾರಿ ಓಡಿಸಿದ ಕಿವಿಗೆ ಅದೊಂದು ಭಾಗ್ಯವೆನಿಸುತ್ತಿತ್ತು.

ಚಳಿ ಶುರುವಾಗುವ ಹೊತ್ತಿಗೆ, ಒಂದು ಬೆಳಿಗ್ಗೆ, ಸ್ಟ್ಯಾಂಡಿನಲ್ಲಿದ್ದ ಎಲ್ಲ ಕಾರುಗಳ ಸ್ಕ್ರೀನಿನ ಮೇಲೂ ಇಂಗ್ಲಿಷಿನಲ್ಲಿ ಏನೋ ಬರೆದು ಬಂತು. ಅಪ್‌ಡೇಟು ಬಂದಿದೆ, ಎಲ್ಲರೂ ಒಪ್ಪಿಗೆ ಒತ್ತಿ ಎಂದು ಶರತ್ಚಂದ್ರ ಫೋನಿನಲ್ಲಿ ಹೇಳಿದ. ಏಕಾಂತಯ್ಯ ಒತ್ತಿದ. ಸ್ಕ್ರೀನು ಕಪ್ಪಾಯಿತು. ಡ್ರೈವರುಗಳು ಕಾಫಿ ಕುಡಿದು ಬರುವಷ್ಟರಲ್ಲಿ ಎಚ್ಚರಾಯಿತು. ಎಚ್ಚರಾದದ್ದು ಬೇರೆಯೇ ಸ್ಕ್ರೀನು. ಬಣ್ಣ ಹೋಗಿ ಎಲ್ಲ ಬೂದಿ ಬೂದಿ. ಅಕ್ಷರ ಕೂದಲೆಳೆಯಷ್ಟು ಸಣ್ಣ. ಕೆಳಸಾಲಿನ ಹಳೆಯ ಚಿತ್ರಗಳಿಲ್ಲ. ಗಾಜಿನ ಫ್ಯಾನು ಬೇಕೆಂದರೆ ಮೂಲೆಯ ಪುಟ್ಟ ಕಾರಿನ ಚಿತ್ರ ಒತ್ತಬೇಕು, ಆಗ ಇನ್ನೊಂದು ಪುಟ ತೆರೆಯುತ್ತದೆ, ಅಲ್ಲಿ ಹವೆಯ ಗುರುತು ಒತ್ತಿ ಮೇಲಕ್ಕೆ ಸರಿಸಬೇಕು. ಬೊಟ್ಟಿನ ನೇರಕ್ಕೆ ಈಗ ಹಾಡಿನ ಗುರುತು ಬಂದು ಕೂತಿತ್ತು.

“ಏನ್ ಚೆಂದಾಗೈತೆ ಗೊತ್ತಾ! ಒಳ್ಳೆ ದುಬಾರಿ ಫೋನ್ ಇದ್ದಂಗೈತೆ” ಎಂದು ಕುಣಿದವನು ಮಹಾಂತೇಶ್, ಸ್ಟ್ಯಾಂಡಿನಲ್ಲಿ ಎಲ್ಲರಿಗಿಂತ ಎಳೆಯ ಡ್ರೈವರು. ಮಧ್ಯಾಹ್ನದೊಳಗೆ ಅವನಿಗೆ ಎಲ್ಲ ಬಾಯಿಪಾಠವಾಗಿತ್ತು.

ಬಸ್ತಿಹಳ್ಳಿಯ ಡ್ರೈವರು ನೇಮಿನಾಥ್ ಮಾತ್ರ ಕಾರಿನಿಂದ ಇಳಿದು ಬಾಗಿಲನ್ನು ಧಡ್ಡೆಂದು ಹಾಕಿದ. “ಯಾವನ್ಲಾ ಇದನ್ನ ಮಾಡಿದ್ದು? ಕುರ್ಚಿ ಮೇಲೆ ಕೂತ್ಕಂಡು ಮಾಡವ್ನೆ. ಗಾಡಿ ಓಡಿಸ್ಕಂಡು ಮಾಡಿಲ್ಲ. ಏಕಾಂತಣ್ಣ, ನಿಂಗೇನನ್ನುಸ್ತದೆ?”

ಏಕಾಂತಯ್ಯ ಬೊಟ್ಟಿನ ಮೇಲೆ ಹೆಬ್ಬೆರಳು ಇಟ್ಟುಕೊಂಡೇ ಕೂತಿದ್ದ. “ನಂಗೇನೂ ಕಾಣ್ತಿಲ್ಲ ಕಣೋ ನೇಮಿ” ಎಂದ.

ಅದು ನಿಜ. ದೂರದ ದೃಷ್ಟಿ ಅವನಿಗೆ ಹದ್ದಿನಂತೆ ಇತ್ತು, ಹತ್ತಿರದ್ದು ಮಾತ್ರ ಕಲಸಿಕೊಳ್ಳುತ್ತಿತ್ತು. ಓದುವ ಕನ್ನಡಕ ಹಾಕಿದರೆ ಸ್ಕ್ರೀನು ಕಾಣುತ್ತಿತ್ತು, ರಸ್ತೆ ಕರಗಿಹೋಗುತ್ತಿತ್ತು.

ನೇಮಿನಾಥ್ ಬಿಡಲಿಲ್ಲ. ಅವನನ್ನು ಕರೆದುಕೊಂಡು ಹಾಸನದ ಶೋರೂಮಿಗೆ ಹೋದ. ಅಲ್ಲಿದ್ದ ಹುಡುಗಿ ಕೂರಿಸಿ, ನೀರು ಕೊಟ್ಟು, ನಗುನಗುತ್ತಲೇ ಹೇಳಿದಳು: “ಹಳೇದಕ್ಕೆ ವಾಪಸ್ ಹೋಗೋಕೆ ಆಗಲ್ಲ ಸರ್. ಅಭ್ಯಾಸ ಆಗೋಗುತ್ತೆ. ಕಷ್ಟ ಆದ್ರೆ ಬಾಯಲ್ಲಿ ಹೇಳಿ, ಅದೇ ಮಾಡುತ್ತೆ.” ವಾಪಸು ಬರುವಾಗ ಏಕಾಂತಯ್ಯ ಗಂಟಲು ಸರಿಮಾಡಿಕೊಂಡು “ಗಾಜು ಒರೆಸು” ಎಂದ. ಕಾರು ಸ್ವಲ್ಪ ಯೋಚಿಸಿ ಗಾಜನೂರಿಗೆ ದಾರಿ ತೋರಿಸಿತು. ನೇಮಿನಾಥ್ ಹೊಟ್ಟೆ ಹಿಡಿದುಕೊಂಡು ನಕ್ಕ. ಏಕಾಂತಯ್ಯನಿಗೂ ನಗು ಬಂತು. ಆ ಸ್ಕ್ರೀನಿನ ವಿಷಯಕ್ಕೆ ಅವನು ನಕ್ಕದ್ದು ಅದೊಂದೇ ಸಲ.

ಕಂಪನಿಗೆ ದೂರನ್ನೂ ಹೇಳಿದರು. ಫೋನಿನಲ್ಲಿ ಐದಕ್ಕೆ ಒಂದೇ ನಕ್ಷತ್ರ ಕೊಟ್ಟು, ನೇಮಿನಾಥ್ ತನ್ನ ಸಿಟ್ಟನ್ನೆಲ್ಲ ಕನ್ನಡದಲ್ಲಿ ಬರೆದ. ಕೂಡಲೇ ಉತ್ತರ ಬಂತು, ಕನ್ನಡದಲ್ಲೇ: “ನಿಮ್ಮ ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದಗಳು.” ಇನ್ನೊಮ್ಮೆ ಬರೆದ. ಮತ್ತೆ ಅದೇ. ಆಮೇಲೆ ಅವನೂ ಸುಮ್ಮನಾದ. ತೆವಳಿಕೊಂಡೋ ಏಗಿಕೊಂಡೋ ಹೊಸದನ್ನೇ ಕಲಿತ.

ಕಮಲಾಕ್ಷಮ್ಮ ಮತ್ತೆ ಪಕ್ಕದಲ್ಲಿ ಕೂತು ಕಲಿಸಿದಳು. ನಿಂತ ಗಾಡಿಯಲ್ಲಿ, ಕನ್ನಡಕ ಹಾಕಿಕೊಂಡು, ಅವನಿಗೆ ಎಲ್ಲ ಬರುತ್ತಿತ್ತು. ಓಡುವ ಗಾಡಿಯಲ್ಲಿ ಒಂದೂ ಬರುತ್ತಿರಲಿಲ್ಲ. ಹಾಗಾಗಿ ಅವನು ತನಗೆ ತೋಚಿದ ದಾರಿ ಹಿಡಿದ. ಏನಾದರೂ ಬೇಕಾದರೆ ಗಾಡಿಯನ್ನು ರಸ್ತೆ ಬದಿಗೆ ತೆಗೆದು ನಿಲ್ಲಿಸಿ, ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು, ಹುಡುಕಿ ಒತ್ತಿ, ಕನ್ನಡಕ ಮಡಚಿಟ್ಟು ಮತ್ತೆ ಹೊರಡುತ್ತಿದ್ದ. ಚಳಿಗಾಲದ ಬೆಳಿಗ್ಗೆಗಳಲ್ಲಿ ಮೇಲಿಂದ ಮೇಲೆ ನಿಲ್ಲಿಸಬೇಕಾಗುತ್ತಿತ್ತು. ಹಿಂದೆ ಕೂತವರು ಕೊಸರಾಡುತ್ತಿದ್ದರು. ರೈಲಿಗೆ ಹೋಗುವವರು ಗಡಿಯಾರ ನೋಡುತ್ತಿದ್ದರು. ಯಾರೋ ದೂರು ಕೊಟ್ಟರು.

ಶರತ್ಚಂದ್ರ ಆಫೀಸಿಗೆ ಕರೆಸಿದ. ಒರಟನಲ್ಲ ಅವನು, ಕೂತ್ಕೊಳ್ಳಿ ಎಂದೇ ಮಾತು ತೆಗೆದ.

“ದಾರೀಲಿ ಅಲ್ಲಲ್ಲೇ ನಿಲ್ಲಿಸ್ತೀರಂತೆ, ಏಕಾಂತಯ್ಯನೋರೆ.”

“ಗಾಜು ಮಬ್ಬಾಯ್ತದೆ ಸ್ವಾಮಿ. ಅದನ್ನ ತೆಗೆಯೋಕೆ ಆ ಸ್ಕ್ರೀನ್ ನೋಡ್ಬೇಕು. ನೋಡ್ಕಂಡು ಓಡಿಸೋಕೆ ನನ್ ಕೈಲಿ ಆಗಲ್ಲ.”

“ಉಳಿದೋರೆಲ್ಲ ಓಡಿಸ್ತಾವ್ರಲ್ಲ?”

“ಅವ್ರು ಓಡಿಸ್ತಾರೆ.”

“ಒಂದು ಕ್ಷಣ ನೋಡಿದ್ರೆ ಏನಾಯ್ತದೆ? ಇನ್ಮೇಲೆ ಪಾರ್ಟಿ ಕೂತಿರೋವಾಗ ನಿಲ್ಲಿಸ್ಬೇಡಿ.”

ಏಕಾಂತಯ್ಯ ಆಗಲಿ ಎಂದ. ಕೆಲಸ ಬಿಡುತ್ತೇನೆ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತೆಂದು ಆಮೇಲೆ ಕಮಲಾಕ್ಷಮ್ಮನ ಹತ್ತಿರ ಹೇಳಿದ. ಬಂದದ್ದು ಹಾಗೇ ವಾಪಸು ಹೋಗಿತ್ತು.

ಸ್ವಲ್ಪ ದಿನಕ್ಕೆ ಹಳೇಬೀಡಿನಲ್ಲಿ ಉಳಿದಿದ್ದ ಪುಣೆಯ ಕಡೆಯ ಗಂಡಹೆಂಡಿರಿಬ್ಬರು ಬೆಳಿಗ್ಗೆ ಬೇಗ ಹಾಸನ ತಲುಪಬೇಕೆಂದು ಹೊರಟರು. ಏಕಾಂತಯ್ಯ ಅವರನ್ನು ಕೂರಿಸಿಕೊಂಡು ಹಗರೆ ದಾರಿ ಹಿಡಿದ. ಮಂಜು ಹೊಲಗಳಿಂದ ಎದ್ದು ರಸ್ತೆಗೆ ಅಡ್ಡ ಬಿದ್ದಿತ್ತು. ಗಾಡಿಯನ್ನು ಮೆಲ್ಲಗೇ ಬಿಡುತ್ತಿದ್ದ. ಹೆಂಗಸು ಚಳಿಯೆಂದು ಕಿಟಕಿ ಮುಚ್ಚಿಸಿದಳು. ಮೂವರ ಉಸಿರಿಗೆ ಗಾಜಿನ ಒಳಮೈ ಬೆಳ್ಳಗಾಗುತ್ತ ಬಂತು. ಏಕಾಂತಯ್ಯ ಅಂಗೈಯಿಂದ ಒರೆಸಿದ. ಮತ್ತೆ ಬೆಳ್ಳಗಾಯಿತು. ನಿಲ್ಲಿಸೋಣವೆಂದು ಕಾಲು ಬ್ರೇಕಿನ ಕಡೆ ಹೋಯಿತು. ಮಾಲೀಕನ ಮಾತು ನೆನಪಾಗಿ ಹಿಂದಕ್ಕೆ ಬಂತು.

ಕೈ ತನಗೆ ಗೊತ್ತಿದ್ದದ್ದನ್ನೇ ಮಾಡಿತು. ಬೊಟ್ಟು ಸವರಿ ಅದರ ಮೇಲೆ ಒತ್ತಿತು. ಕಾರಿನ ತುಂಬ ಹಾಡು ಅಬ್ಬರಿಸಿತು. ಹಿಂದಿನಿಂದ ಹೆಂಗಸು ಕೂಗಿಕೊಂಡಳು. ಏಕಾಂತಯ್ಯ ತಲೆ ಬಗ್ಗಿಸಿ ಸ್ಕ್ರೀನು ನೋಡಿದ. ಹಾಡು ನಿಲ್ಲಿಸುವ ಗುರುತು ಯಾವುದು, ಗಾಜಿನ ಪುಟ ತೆರೆಯುವ ಮೂಲೆ ಯಾವುದು, ಬೂದಿ ಬಣ್ಣದಲ್ಲಿ ಎಲ್ಲ ಒಂದೇ. ಒಂದನ್ನು ಒತ್ತಿದ, ನಕ್ಷೆ ಬಂತು. ಇನ್ನೊಂದನ್ನು ಒತ್ತಿದ.

ಅಷ್ಟರಲ್ಲಿ ಮುಂದೆ ಏನೋ ತಗಲಿದ ಸದ್ದಾಯಿತು.

ಡೇರಿಗೆ ಹಾಲು ಹಾಕಲು ಹೊರಟಿದ್ದ ಹಗರೆಯ ಕರಿಯಯ್ಯ ಮೊಪೆಡ್ಡಿನ ಸಮೇತ ಚರಂಡಿಗೆ ಬಿದ್ದಿದ್ದ. ಕ್ಯಾನು ಉರುಳಿ ಟಾರಿನ ಮೇಲೆಲ್ಲ ಹಾಲು. ಏಕಾಂತಯ್ಯ ಇಳಿದು ಓಡಿಹೋಗಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ. ಜೀವವಿತ್ತು. ಬಲಗಾಲು ಮಾತ್ರ ಮಂಡಿಯ ಕೆಳಗೆ ಯಾವ ಕಡೆಗೆ ಇರಬೇಕೋ ಆ ಕಡೆಗೆ ಇರಲಿಲ್ಲ. ಕಾರಿನೊಳಗೆ ಹಾಡು ಇನ್ನೂ ಬರುತ್ತಲೇ ಇತ್ತು. ಅದನ್ನು ನಿಲ್ಲಿಸಿದವನು ಪುಣೆಯ ಗಂಡಸು, ಹಿಂದಿನ ಸೀಟಿನಿಂದ ಕೈಚಾಚಿ, ಒಂದೇ ಬೆರಳಲ್ಲಿ.

ಆಸ್ಪತ್ರೆ, ಪೊಲೀಸು, ಕೇಸು ಎಲ್ಲ ಆಯಿತು. ಕಂಪನಿಯಿಂದ ಒಬ್ಬ ಲ್ಯಾಪ್‌ಟಾಪ್ ತಂದು ಕಾರಿಗೆ ತಂತಿ ಚುಚ್ಚಿ ನೋಡಿಕೊಂಡು ಹೋದ. ಅವನು ಏನು ಹೇಳಿದನೆಂದು ಶರತ್ಚಂದ್ರ ತಿಳಿಸಿದ. “ಗಾಡೀಲಿ ಏನೂ ತಪ್ಪಿಲ್ವಂತೆ. ಡ್ರೈವರ್ ಕಣ್ಣು ರಸ್ತೆ ಮೇಲೆ ಇರಲಿಲ್ಲ ಅಂತ ಗಾಡಿ ಒಳಗಿರೋ ಕ್ಯಾಮೆರಾದಲ್ಲೇ ದಾಖಲಾಗೈತೆ.” ಹೇಳುವಾಗ ಅವನು ಏಕಾಂತಯ್ಯನ ಮುಖ ನೋಡಲಿಲ್ಲ. ತಾನು ಆಡಿದ್ದ ಮಾತು ಅವನಿಗೂ ನೆನಪಿದ್ದಿರಬೇಕು.

ನೇಮಿನಾಥ್ ಮಾತ್ರ ಕೂಗಾಡಿದ. “ಸ್ಕ್ರೀನ್ ಮಾಡಿದೋನ ಕರ್ಕಂಡು ಬನ್ನಿ, ಅವ್ನೂ ಕಟಕಟೇಲಿ ನಿಲ್ಲಲಿ!”

“ಸುಮ್ನಿರೋ” ಎಂದ ಏಕಾಂತಯ್ಯ. “ಅದು ಹೇಳಿದ್ದು ದಿಟ. ನನ್ ಕಣ್ಣು ರಸ್ತೆ ಮೇಲೆ ಇರಲಿಲ್ಲ.”

ಮುಂದಿನ ಬೇಸಿಗೆಯಲ್ಲಿ ಮತ್ತೊಂದು ಅಪ್‌ಡೇಟು ಬಂತು. ಏಕಾಂತಯ್ಯ ಆಗ ಮನೆಯಲ್ಲೇ ಇದ್ದ, ಲೈಸೆನ್ಸು ಅಮಾನತಾಗಿತ್ತು. ಮಹಾಂತೇಶ್ ಫೋನು ಮಾಡಿದ. “ಅಣ್ಣಾ, ಗಾಜಿನ ಫ್ಯಾನು ವಾಪಸ್ ಕೆಳಗಡೆಗೇ ತಂದವ್ರೆ. ಭಾಳ ಜನ ಹೇಳಿದ್ರಂತೆ.” ಒಳ್ಳೆಯ ಸುದ್ದಿ ಕೊಟ್ಟೆನೆಂಬ ಸಂತೋಷ ಅವನ ದನಿಯಲ್ಲಿತ್ತು. ಏಕಾಂತಯ್ಯ “ಹೌದಾ, ಒಳ್ಳೇದಾಯ್ತು ಬಿಡಪ್ಪ” ಎಂದು ಫೋನಿಟ್ಟ. ಆವತ್ತು ಅವನು ಹಿತ್ತಲ ಕಲ್ಲಿನ ಮೇಲೆ ಕೂತವನು ಕಮಲಾಕ್ಷಮ್ಮ ಊಟಕ್ಕೆ ಕರೆದರೂ ಏಳಲಿಲ್ಲ. ಅವಳು ತಟ್ಟೆಯನ್ನು ಅಲ್ಲಿಗೇ ತಂದಳು. ಅವನು ತಿನ್ನುವುದನ್ನೇ ನೋಡುತ್ತ ನಿಂತಳು.

ಲೈಸೆನ್ಸು ತಿರುಗಿ ಬಂದ ಮೇಲೆ ನೇಮಿನಾಥ್ ಯಾರದೋ ಹಳೆಯ ಓಮ್ನಿ ತಂದು ಬಾಗಿಲಿಗೆ ನಿಲ್ಲಿಸಿದ. “ನೋಡು, ಇದರಲ್ಲಿ ಎಲ್ಲಾ ಗುಂಡಿನೇ. ಹತ್ತು, ಒಂದು ಸುತ್ತು ಹೋಗ್ಬರಾಣ.” ಏಕಾಂತಯ್ಯ ಹತ್ತಿದ. ಬೀದಿಯ ಕೊನೆಯವರೆಗೂ ಓಡಿಸಿದ. ಅಲ್ಲಿಗೆ ನಿಲ್ಲಿಸಿ ಇಳಿದುಬಿಟ್ಟ. ಅವನ ಕಣ್ಣು ತಾನಾಗಿಯೇ ಕೆಳಗೆ ಇಳಿಯುತ್ತಿತ್ತು, ಸ್ಕ್ರೀನು ಇಲ್ಲದ ಜಾಗದಲ್ಲಿ ಏನನ್ನೋ ಹುಡುಕುತ್ತಿತ್ತು. “ಬ್ಯಾಡ ಕಣೋ” ಎಂದ. ನೇಮಿನಾಥ್ ಒತ್ತಾಯ ಮಾಡಲಿಲ್ಲ.

ಕರಿಯಯ್ಯನನ್ನು ನೋಡಲು ಅವನು ಆಸ್ಪತ್ರೆಗೆ ಹೋಗಿದ್ದ, ಮನೆಗೆ ಹೋಗುವ ಧೈರ್ಯ ಮಾತ್ರ ಬಂದಿರಲಿಲ್ಲ. ಕೊನೆಗೊಂದು ದಿನ ಬಸ್ಸು ಹತ್ತಿ ಹಗರೆಗೆ ಹೋದ. ಕರಿಯಯ್ಯ ಜಗಲಿಯ ಮೇಲೆ ಕಾಲು ನೀಡಿಕೊಂಡು ಕೂತಿದ್ದ. ಮಂಡಿ ಮಡಚುತ್ತಿರಲಿಲ್ಲ. ಕುಕ್ಕರಗಾಲಲ್ಲಿ ಕೂತು ಹಾಲು ಕರೆಯುವುದು ಆಗದೆ ಹಸುಗಳನ್ನು ಕೊಟ್ಟುಬಿಟ್ಟಿದ್ದರು. ಕೊಟ್ಟಿಗೆಯಲ್ಲಿ ಸೌದೆ ಒಟ್ಟಿತ್ತು.

“ಬನ್ನಿ ಅಣ್ಣಾ, ಕೂತ್ಕಳಿ” ಎಂದ ಕರಿಯಯ್ಯ. ಸಿಟ್ಟಿನ ದನಿಯಲ್ಲ. ಮಳೆ ಬೆಳೆಯ ಮಾತಾಡಿದರು. ಆಮೇಲೆ ಅವನೇ ಕೇಳಿದ: “ಒಂದು ಕೇಳ್ಬೇಕು ಅಂತಿತ್ತು. ನಾ ಲೈಟ್ ಹಾಕ್ಕಂಡಿದ್ದೆ. ಹಾರನ್ನೂ ಮಾಡ್ದೆ. ಈ ಅಣ್ಣ ನೋಡಿರ್ತಾರೆ ಅನ್ಕಂಡು ರಸ್ತೆ ದಾಟ್ದೆ. ನೀವು ಏನ್ ನೋಡ್ತಿದ್ರಿ?”

ಏಕಾಂತಯ್ಯ ಹೇಳಲು ಹೊರಟ. ಸ್ಕ್ರೀನು ಬದಲಾದದ್ದು, ಚಿತ್ರ ಎತ್ತಲೋ ಹೋದದ್ದು, ಹಾಡು ಬಂದದ್ದು. ಕೈಯಲ್ಲಿ ಗಾಳಿಯ ಮೇಲೆ ಚೌಕ ಬರೆದು ಇಲ್ಲಿತ್ತು, ಅಲ್ಲಿಗೆ ಹೋಯ್ತು ಎಂದು ತೋರಿಸಿದ. ಕರಿಯಯ್ಯ ಗಮನವಿಟ್ಟು ಕೇಳಿದ. ಅರ್ಥಮಾಡಿಕೊಳ್ಳಲು ನಿಜವಾಗಿಯೂ ಪ್ರಯತ್ನಪಟ್ಟ. ನಡುವೆ ಎಲ್ಲೋ ಏಕಾಂತಯ್ಯನಿಗೇ ತನ್ನ ಮಾತು ಸಣ್ಣದಾಗಿ ಕೇಳತೊಡಗಿತು. ಬೆರಳು ಗಾಳಿಯಲ್ಲಿ ನಿಂತಿತು.

“ಫ್ಯಾನ್ ಹುಡುಕ್ತಿದ್ದೆ” ಎಂದ.

“ಫ್ಯಾನಾ” ಎಂದ ಕರಿಯಯ್ಯ.

ಕರಿಯಯ್ಯನ ಹೆಂಡತಿ ಲಕ್ಕಮ್ಮ ಕಾಫಿ ತಂದಿಟ್ಟಳು. “ಪಾಕೆಟ್ ಹಾಲಿನದು, ರುಚಿ ಇರಕ್ಕಿಲ್ಲ” ಎಂದು ತಪ್ಪು ತನ್ನದೇ ಎಂಬಂತೆ ಹೇಳಿ ಒಳಗೆ ಹೋದಳು. ಏಕಾಂತಯ್ಯ ಲೋಟ ಕೈಯಲ್ಲಿ ಹಿಡಿದುಕೊಂಡ. ಕಾಫಿಯ ಮೇಲೆ ಕೆನೆ ಕಟ್ಟಿ ಅದು ತಣ್ಣಗಾಗುವವರೆಗೂ ಹಿಡಿದುಕೊಂಡೇ ಇದ್ದ. ಆಮೇಲೆ ಒಂದೇ ಗುಟುಕಿಗೆ ಕುಡಿದು, “ಬತ್ತೀನಿ” ಎಂದು ಎದ್ದ. ಏಳಬೇಡಿ ಎನ್ನುವಷ್ಟರಲ್ಲಿ ಕರಿಯಯ್ಯ ಕಂಬ ಹಿಡಿದು ಏಳಲು ನೋಡಿದ, ಆಗದೆ ಕೂತ.

ಬಸ್ಸು ತಡವಾಗಿ ಬಂತು. ಮುಂದಿನ ಸೀಟು ಖಾಲಿಯಿದ್ದರೂ ಏಕಾಂತಯ್ಯ ಹಿಂದಕ್ಕೆ ಹೋಗಿ, ರಸ್ತೆ ಕಾಣದ ಕಡೆ ಕೂತ.