ಅವರೇ ಹಾಕಿಸಿಕೊಂಡ ಟ್ರಾನ್ಸ್‌ಫರ್

ಈ ವರ್ಷದ ಯುಗಾದಿ ಕಾರ್ಯಕ್ರಮದ ದಿನ ಮಧ್ಯಾಹ್ನ ನಾನು ವಾಷಿಂಗ್ಟನ್ ಹತ್ತಿರದ ಜರ್ಮನ್‌ಟೌನ್‌ನ ಶಾಲೆಯೊಂದರ ಸಭಾಂಗಣದ ಹಿಂದೆ, ಹುಡುಗಿಯರು ಅಲಂಕಾರ ಮಾಡಿಕೊಳ್ಳುವ ಕೋಣೆಯ ಬಾಗಿಲ ಬಳಿ ನಿಂತಿದ್ದೆ. ಒಳಗೆ ಒಬ್ಬ ತಾಯಿ ಮಗಳ ತುರುಬಿಗೆ ಹೇರ್‌ಸ್ಪ್ರೇ ಹೊಡೆದರು. ಆ ವಾಸನೆ ಮೂಗಿಗೆ ತಗುಲಿದ ಕೂಡಲೇ ನಮ್ಮ ಕೆಳಗಿನ ಮನೆಯಲ್ಲಿದ್ದ ಗೆಳತಿಯ ನೆನಪಾಯಿತು. ಪಕ್ಕದಲ್ಲಿದ್ದವರಿಗೆ ಅದನ್ನು ಹೇಳಿಯೂಬಿಟ್ಟೆ.

"ಪಾಪ," ಎಂದರು ಅವರು. "ಹಸ್ಬೆಂಡ್‌ಗೆ ಅಟ್ಲಾಂಟಕ್ಕೆ ಟ್ರಾನ್ಸ್‌ಫರ್ ಆಯ್ತು ನೋಡಿ, ಅದಕ್ಕೇ ಇವರೂ ಅಲ್ಲೇ ಯಾವ್ದೋ ಆರ್ಟ್ ಸ್ಕೂಲ್ ಸೇರ್ಕೊಂಡ್ರು. ಇಲ್ಲೇ ಇದ್ದಿದ್ರೆ ಡಿಗ್ರಿನಾದ್ರೂ ಮುಗೀತಿತ್ತು."

ಹಾಗಲ್ಲ ಎನ್ನುವಷ್ಟರಲ್ಲಿ ಮಕ್ಕಳನ್ನು ವೇದಿಕೆಗೆ ಕರೆದರು. ಈ ಮಾತನ್ನು ಬೇರೆಯವರ ಬಾಯಲ್ಲೂ ಕೇಳಿದ್ದೇನೆ. ಒಬ್ಬೊಬ್ಬರಿಗೂ ಹೇಳಿ ತಿದ್ದುವ ಶಕ್ತಿ ನನ್ನಲ್ಲಿ ಉಳಿದಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ, ನಾನು ಕಂಡಿದ್ದಷ್ಟನ್ನೇ.

ಅವರ ಅಪಾರ್ಟ್‌ಮೆಂಟ್ ನಮ್ಮದರ ಕೆಳಗೇ ಇತ್ತು. ನಮ್ಮ ಹಾಗೆ ಅವರೂ ಮೈಸೂರಿನವರು. ಗಂಡ ಸಾಫ್ಟ್‌ವೇರ್‌ನಲ್ಲಿ, ಮಗಳು ಹೈಸ್ಕೂಲಿನಲ್ಲಿ. ಗಂಡನ ವೀಸಾದ ನೆರಳಿನಲ್ಲಿ ಬಂದ ಅವರು ಕೆಲಸಕ್ಕೆ ಹೋಗುವ ಹಾಗಿರಲಿಲ್ಲ, ಓದಲು ಅಡ್ಡಿಯಿರಲಿಲ್ಲ. ನಲವತ್ತು ದಾಟಿದ ಮೇಲೆ ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ಚಿತ್ರಕಲೆಗೆ ಸೇರಿದರು. ಆಗ 2020. ಪಾಠವೆಲ್ಲ ಲ್ಯಾಪ್‌ಟಾಪಿನಲ್ಲಿ, ಅಂಗಡಿಗಳು ಮುಚ್ಚಿದ್ದವು. ಇದ್ದಿಲಿನಲ್ಲಿ ಬರೆದ ಚಿತ್ರ ಅಳಿಸಿಹೋಗದಂತೆ ಸಿಂಪಡಿಸುವ ದ್ರಾವಣ ಸಿಗದೆ, ಬಾಲ್ಕನಿಯಲ್ಲಿ ಹಾಳೆ ಹರಡಿ ಹೇರ್‌ಸ್ಪ್ರೇ ಹೊಡೆಯುತ್ತಿದ್ದರು. ವಾಸನೆ ನೇರ ಮೇಲಕ್ಕೆ ಬರುತ್ತಿತ್ತು.

"ಯಾರದ್ರೀ ಮದುವೆ?" ಎಂದು ಮೇಲಿನಿಂದ ಕೂಗುತ್ತಿದ್ದೆ.

"ಇದ್ದಿಲಿಂದು ಕಣ್ರೀ! ಬನ್ನಿ, ಅಕ್ಷತೆ ಹಾಕಿ."

ಅವರು ಬರೆಯುತ್ತಿದ್ದುದು ಖಾಲಿ ಮನೆಗಳನ್ನು. ನಮ್ಮ ಕಾಂಪ್ಲೆಕ್ಸಿನಲ್ಲಿ ಯಾರಾದರೂ ಮನೆ ಬಿಡುತ್ತಲೇ ಇರುತ್ತಾರೆ. ಬಣ್ಣ ಬಳಿಯುವವರಿಗಾಗಿ ತೆರೆದಿಟ್ಟ ಬಾಗಿಲಲ್ಲಿ ನಿಂತು ಇವರು ಕಾರ್ಪೆಟ್ಟಿನಲ್ಲಿ ಸೋಫಾದ ಕಾಲು ಊರಿದ ಗುರುತು, ಒಲೆಯ ಹಿಂದಿನ ಗೋಡೆಗೆ ಒಗ್ಗರಣೆ ಸಿಡಿದ ಕಲೆ, ದೇವರ ಪಟ ತೆಗೆದ ಜಾಗ… ಎಲ್ಲವನ್ನೂ ಇದ್ದಿಲಿನಲ್ಲಿ ಎತ್ತಿಕೊಳ್ಳುತ್ತಿದ್ದರು.

ಕಮ್ಯುನಿಟಿ ಕಾಲೇಜಿನಲ್ಲಿ ಎರಡು ವರ್ಷ ಓದಿ, ಉಳಿದದ್ದನ್ನು ದೊಡ್ಡ ಶಾಲೆಗೆ ಹೋಗಿ ಮುಗಿಸುವುದಕ್ಕೆ ಇಲ್ಲಿ ಟ್ರಾನ್ಸ್‌ಫರ್ ಎನ್ನುತ್ತಾರೆ. ಅವರ ತಂದೆ ನಿವೃತ್ತ ಸರ್ಕಾರಿ ಮೇಷ್ಟ್ರು. ಹುಣಸೂರು, ಕೊಳ್ಳೇಗಾಲ, ಅರಸೀಕೆರೆ ಎಂದು ಸಂಸಾರ ಕಟ್ಟಿಕೊಂಡು ಅಲೆದವರು. ಮಗಳು ಫೋನಿನಲ್ಲಿ "ನನಗೆ ಟ್ರಾನ್ಸ್‌ಫರ್" ಎಂದಾಗ ಗಾಬರಿಬಿದ್ದರಂತೆ. ಆ ಕಥೆಯನ್ನು ಹೇಳಿಕೊಂಡು ಇವರು ಕಣ್ಣಲ್ಲಿ ನೀರು ಬರುವಂತೆ ನಕ್ಕರು. "'ಏನಮ್ಮಾ ತಪ್ಪು ಮಾಡಿದೆ? ಯಾರನ್ನಾದ್ರೂ ಹಿಡಿದು ಕ್ಯಾನ್ಸಲ್ ಮಾಡಿಸ್ಬಾರ್ದಾ?' ಅಂತಾರ್ರೀ!"

ನಗು ನಿಂತ ಮೇಲೆ ಹೇಳಿದರು: "ಚಿಕ್ಕೋಳಾಗಿದ್ದಾಗ ಅಪ್ಪನ ಟ್ರಾನ್ಸ್‌ಫರ್. ಆಮೇಲೆ ಇವರ ಪ್ರಾಜೆಕ್ಟು. ಇದೊಂದು ನಂದು ಕಣ್ರೀ. ಹುಷಾರಾಗಿ ಹಾಕಿಸ್ಕೋಬೇಕು."

ಎರಡು ಶಾಲೆಗಳು ಕರೆದಿದ್ದವು. ವಾಷಿಂಗ್ಟನ್ನಿನದು ಮನೆಯಿಂದಲೇ ಹೋಗಿಬರುವಂಥದ್ದು. ಹಿಂದಿನ ಎರಡು ವರ್ಷ ಓದಿದ್ದನ್ನೆಲ್ಲ ಲೆಕ್ಕಕ್ಕೆ ಹಿಡಿಯುತ್ತಿತ್ತು. ಅಟ್ಲಾಂಟದ್ದು ಚಿತ್ರಗಳನ್ನು ಎದುರಿಗೇ ನೋಡಬೇಕು ಎಂದಿತು. ಯಾರನ್ನು ಕೇಳಿದರೂ ವಾಷಿಂಗ್ಟನ್ ಎಂದರು. ನಾನೂ ಅದನ್ನೇ ಅಂದೆ. ಆದರೂ ನೋಡಿಯೇ ಬರೋಣ ಎಂದರು. ಹೈವೇ ಮೇಲೆ ಅವರು ಕಾರು ಓಡಿಸುತ್ತಿರಲಿಲ್ಲ. ಗಂಡನಿಗೆ ರಜೆ ಸಿಗಲಿಲ್ಲ. ನಾನು ಓಡಿಸಿದೆ, ಹಿಂದಿನ ಸೀಟಿನಲ್ಲಿ ಅವರ ಮಗಳು, ಅವಳ ಪಕ್ಕ ಚಿತ್ರಗಳ ಕಟ್ಟು. ಎರಡು ಕ್ಯಾರೊಲೈನಾ ರಾಜ್ಯಗಳನ್ನೂ ದಾಟಿದೆವು. ಅಟ್ಲಾಂಟದ ಹತ್ತಿರ, ಸುವಾನಿಯಲ್ಲಿ ಅವರ ಅಕ್ಕನ ಮನೆಯಲ್ಲಿ ಉಳಿದುಕೊಂಡೆವು.

2022ರ ಮಾರ್ಚ್ ತಿಂಗಳ ಒಂದು ಶನಿವಾರ, ಬೆಳಿಗ್ಗೆ. ಆ ಶಾಲೆಯ ಮೇಲ್ಮಹಡಿಯ ಕೋಣೆಯಲ್ಲಿ, ಕಿಟಕಿಯ ಪಕ್ಕದ ಗೋಡೆಗೆ ಒರಗಿ ನಾನು ನಿಂತಿದ್ದೆ. ನನ್ನ ಎಡಕ್ಕೆ ಮಗಳು. ಅಲ್ಲಿನ ಉಪಾಧ್ಯಾಯಿನಿ ಚಿತ್ರಗಳನ್ನು ನೆಲದ ಮೇಲೆ ಸಾಲಾಗಿ ಹರಡಿಸಿ, ಶೂ ಕಳಚಿಟ್ಟು, ನಡುವೆ ನಿಧಾನವಾಗಿ ನಡೆದಾಡಿದರು. ಚೆನ್ನಾಗಿದೆ ಎನ್ನಲಿಲ್ಲ. ಕೊನೆಗೆ ಇಂಗ್ಲಿಷಿನಲ್ಲಿ ಕೇಳಿದ್ದು ಇಷ್ಟೇ: ಎಲ್ಲವನ್ನೂ ಬಾಗಿಲಲ್ಲೇ ನಿಂತು ಬರೆದಿದ್ದೀರಿ, ಒಂದು ಸಲವೂ ಯಾಕೆ ಒಳಗೆ ಹೋಗಲಿಲ್ಲ?

ಕೆಳಗಿನ ಮನೆಯವರು ಕುಕ್ಕರುಗಾಲಿನಲ್ಲಿ ಕೂತು ತಮ್ಮ ಚಿತ್ರಗಳನ್ನೇ, ಬೇರೆ ಯಾರದ್ದೋ ಎಂಬಂತೆ ನೋಡಿದರು. ಇಲ್ಲಿಗೆ ಬಂದರೆ ಮೊದಲ ವರ್ಷದಿಂದ ಶುರು ಮಾಡಬೇಕಾಗುತ್ತದೆ ಎಂದು ಉಪಾಧ್ಯಾಯಿನಿ ಮುಚ್ಚುಮರೆಯಿಲ್ಲದೆ ಹೇಳಿದರು. ಇವರು ತಲೆಯಾಡಿಸಿದರು.

"ಅಮ್ಮಿ, ಆರ್ ಯೂ ಶ್ಯೂರ್?" ಎಂದಳು ಮಗಳು. "ಎಲ್ಲ ಮತ್ತೆ ಫಸ್ಟಿಂದ ಮಾಡ್ಬೇಕು."

"ಹೂಂ ಕಣೇ. ಫಸ್ಟಿಂದ."

ಅಲ್ಲಿಂದಲೇ ಗಂಡನಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದರು. ಮನೆಯಲ್ಲಿ ಅವರದು ಉರ್ದು. ಅಂದು, ನಾನಿದ್ದೇನೆ ಎಂದೋ ಏನೋ, ಕನ್ನಡದಲ್ಲಿ ಮಾತಾಡಿದರು.

"ಅಟ್ಲಾಂಟಕ್ಕೆ ಟ್ರಾನ್ಸ್‌ಫರ್ ಹಾಕಿಸ್ಕೊಂಡೆ."

ಆ ಕಡೆಯಿಂದ ಗಂಡ ಕೇಳಿದರು: "ಆರ್ಡರ್ ಯಾರು ಸೈನ್ ಮಾಡಿದ್ದು?"

"ನಾನೇ."

"ಸರಿ ಮೇಡಮ್. ಹಾಗಾದ್ರೆ ನಾನೂ ಅಪ್ಲೈ ಮಾಡ್ಬೇಕು ಅನ್ನಿ."

ಆತ ಮ್ಯಾನೇಜರನ್ನು ಕೇಳಿದ್ದು ಆಮೇಲೆ. ಕಂಪನಿಯವರು ವೀಸಾದ ಕಾಗದ ಎಂದು ತಿಂಗಳುಗಟ್ಟಲೆ ಎಳೆದಾಡಿದರು. ಆಗಸ್ಟಿನಲ್ಲಿ ಇವರು ಮಗಳನ್ನು ಕರೆದುಕೊಂಡು ಅಕ್ಕನ ಮನೆಗೆ ಹೋಗಿ ಶಾಲೆ ಸೇರಿದರು. ಗಂಡ ಸಾಮಾನು ಸಾಗಿಸಿಕೊಂಡು ಹೊರಟಿದ್ದು ದೀಪಾವಳಿ ಕಳೆದ ಮೇಲೆ. ಯಾರು ಯಾರ ಹಿಂದೆ ಹೋದರು ಎಂಬುದು ಇಷ್ಟರಲ್ಲೇ ಇದೆ.

ಮುಂದಿನದು ಎಲ್ಲರಿಗೂ ಗೊತ್ತು. ಎರಡು ವರ್ಷ ಕಳೆದ ಮೇಲೆ ಹೊಟ್ಟೆನೋವು ಎಂದರು, ಪರೀಕ್ಷೆಗಳಾದವು, ಕ್ಯಾನ್ಸರ್ ಎಂದಾಯಿತು… ಚಳಿಗಾಲ ಮುಗಿಯುವ ಮೊದಲೇ ಹೋಗಿಬಿಟ್ಟರು. ಡಿಗ್ರಿ ಮುಗಿಯಲಿಲ್ಲ. ವಾಷಿಂಗ್ಟನ್ನಿಗೆ ಸೇರಿದ್ದರೆ ಬಹುಶಃ ಮುಗಿಯುತ್ತಿತ್ತು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಅಟ್ಲಾಂಟದಲ್ಲಿ ಅವರು ಬರೆದ ಚಿತ್ರಗಳನ್ನು ನಾನು ನೋಡಿಲ್ಲ. ಸುವಾನಿಯ ಮನೆಯ ಗ್ಯಾರೇಜಿನಲ್ಲಿವೆಯಂತೆ. ಹೋಗಬೇಕು ಎಂದುಕೊಳ್ಳುತ್ತೇನೆ, ಅಷ್ಟು ದೂರ ಕಾರು ಓಡಿಸುವ ಮನಸ್ಸಾಗುವುದಿಲ್ಲ. ಕೆಳಗಿನ ಮನೆಗೆ ಬೇರೆ ಸಂಸಾರ ಬಂದಿದೆ. ಒಳ್ಳೆಯವರು. ನಾನೇ ಹೆಚ್ಚು ಮಾತಾಡಲು ಹೋಗಿಲ್ಲ.

ಆ ಬೆಳಿಗ್ಗೆಯನ್ನು ಕಂಡವಳು ನಾನೊಬ್ಬಳೇ ಅಲ್ಲ. ಉಪಾಧ್ಯಾಯಿನಿ ಅದೇ ಶಾಲೆಯಲ್ಲಿ ಪಾಠ ಮಾಡುತ್ತಿದ್ದಾರೆ. ಫೋನಿನ ಆ ತುದಿಯಲ್ಲಿದ್ದ ಗಂಡ ಸುವಾನಿಯಲ್ಲೇ ಇದ್ದಾರೆ. ಯಾರೊಂದಿಗೂ ಹೆಚ್ಚು ಮಾತಿಲ್ಲ. ಮಗಳಿದ್ದಾಳೆ, ಈಗ ಕಾಲೇಜಿನಲ್ಲಿ. ಮೊನ್ನೆ ಅವಳಿಗೆ ಫೋನ್ ಮಾಡಿ, ಇದನ್ನು ಬರೆದಿದ್ದೇನೆ ಎಂದು ಓದಿ ಹೇಳಿದೆ. ಕೊನೆಯವರೆಗೂ ಕೇಳಿದಳು.

"ಒಂದು ಮಿಸ್ ಆಗಿದೆ ಆಂಟಿ," ಎಂದಳು. "ಅಮ್ಮಿ ಅಳ್ತಾ ಇದ್ರು. ಡ್ಯಾಡಿ ಜೊತೆ ಫೋನ್ ಮಾಡಿ ಆದ್ಮೇಲೆ. ಸ್ಯಾಡ್ ಆಗಿ ಅಲ್ಲ. ನೀವು ಡ್ರಾಯಿಂಗ್ಸ್ ಎತ್ತಿ ಇಡ್ತಾ ಇದ್ರಿ. ಅದೂ ಬರೀರಿ."

ನಾನು ಅದನ್ನು ಕಂಡಿರಲಿಲ್ಲ. ಅವಳು ಕಂಡಿದ್ದಾಳೆ.