ಕೊಂಕಣಕ್ಕೆ ಇಟ್ಟ ಪ್ರಸ್ಥಾನ

ನಮ್ಮ ಯಜಮಾನರಿಗೆ ಒಂದು ಹುಚ್ಚು ಹಿಡಿದರೆ ಮನೆಮಂದಿಗೆಲ್ಲ ಹಿಡಿಯಲೇಬೇಕು. ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ಹಿಡಿದದ್ದು ಡೇರೆಯ ಹುಚ್ಚು. ಗುಡ್ಡ ಹತ್ತುವ ಖಯಾಲಿಯ ಗೆಳೆಯರೊಬ್ಬರಿಂದ ಡೇರೆ ತಂದು ಬಿಬವೇವಾಡಿಯ ನಮ್ಮ ಪುಟ್ಟ ಮನೆಯೊಳಗೇ ಹಾಕಿ ನೋಡಿದರು. ಅಡುಗೆಮನೆಗೆ ಹೋಗಬೇಕಾದರೆ ನಾನು ಅದರೊಳಗೆ ನುಸುಳಿ ಆಚೆ ಬರಬೇಕು. ಹೆಣ್ಣುಮಕ್ಕಳಿಬ್ಬರಂತೂ ಊಟಕ್ಕೂ ಹೊರಗೆ ಬರಲೊಲ್ಲರು.

ನೆಲದ ಮೇಲೆ ನಕಾಶೆ ಹಾಸಿ, ಫ್ಯಾನಿಗೆ ಹಾರದಂತೆ ಮೂಲೆಗೊಂದು ಲೋಟ ಇಟ್ಟು, ಯಜಮಾನರು ದಾರಿ ತೋರಿಸುತ್ತಿದ್ದರು. ನಮ್ಮ ಹಳೆಯ ವ್ಯಾನಿನಲ್ಲಿ ಭೋರ್ ದಾಟಿ, ಘಾಟ್ ಇಳಿದು, ಕೊಂಕಣದ ಸಮುದ್ರದ ದಂಡೆ ಹಿಡಿಯುವುದು. ದಂಡೆಯ ಉದ್ಯಾನಗಳಲ್ಲಿ, ಗಾಳಿಮರದ ತೋಪುಗಳಲ್ಲಿ ಊರವರನ್ನು ಕೇಳಿಕೊಂಡು ಡೇರೆ ಹಾಕುವುದು. ಅತ್ತೆ ಗೋಡೆಗೆ ಒರಗಿ ಕೂತು ಎಲ್ಲ ಕೇಳುತ್ತಿದ್ದರು. ವಿಜಾಪುರದ ಕಡೆಯವರು, ಸಮುದ್ರ ಕಂಡವರಲ್ಲ.

ಮರುದಿನ ರೊಟ್ಟಿ ಬಡಿಯುವಾಗ ಅತ್ತೆ ಮೆಲ್ಲಗೆ ಕೇಳಿದರು: "ಸಮುದ್ರಕ್ಕ ಆಚೀ ದಂಡಿ ಕಾಣೂದಿಲ್ಲಂತ. ಖರೇನ?"

"ಬಂದು ನೋಡ್ರಲ್ಲ, ಅತ್ತ್ಯಾರ" ಅಂದೆ. ಅವರು ರೊಟ್ಟಿ ತಿರುವಿ ಹಾಕಿದರು.

ಆದರೆ ಯಜಮಾನರು ಆಗಲೇ ತೀರ್ಮಾನ ಮಾಡಿಬಿಟ್ಟಿದ್ದರು. "ನೀ ಬ್ಯಾಡವಾ. ಅಲ್ಲಿ ನೆಲದ ಮ್ಯಾಲ ಮಲಗೂದು, ನಿನ್ನ ಮೊಣಕಾಲು ಕೇಳೂದಿಲ್ಲ. ಹಡಪಸರದಾಗ ಅಕ್ಕನ ಮನ್ಯಾಗ ಆರಾಮ ಇರು."

ಅತ್ತೆ "ಹೂಂ" ಅಂದರು. ನನಗೆ ಮೈಯೆಲ್ಲ ಉರಿಯಿತು.

"ಮೊಣಕಾಲು ಅವರದೋ ನಿಮ್ಮದೋ? ಒಂದು ಮಾತು ಕೇಳಿದ್ರೇನು?"

"ಕೇಳೂದೇನದ? ಅವ್ವ ಒಲ್ಲೆ ಅಂತಾಳ."

ಕೇಳದೆಯೇ ಉತ್ತರ ಗೊತ್ತಿರುವ ಪುಣ್ಯಾತ್ಮರು! ಎರಡು ದಿನ ನಾನು ಅವರೊಂದಿಗೆ ಸರಿಯಾಗಿ ಮಾತಾಡಲಿಲ್ಲ.

ಇಡೀ ಪ್ರವಾಸದ ತಯಾರಿಯಲ್ಲಿ ಅತ್ತೆ ಬಾಯಿ ಹಾಕಿದ್ದು ಒಂದೇ ಸಲ. ರಜೆ ಶುರುವಾಗುವುದು ಶುಕ್ರವಾರ. "ಶುಕ್ರವಾರ ಪಡುವಲ ದಿಕ್ಕಿಗೆ ಹೊರಡಬಾರದು. ಗುರುವಾರನ ಪ್ರಸ್ಥಾನ ಇಡ್ರಿ" ಅಂದರು. ನಮ್ಮಲ್ಲಿ ಇದು ಹಳೆಯ ಪದ್ಧತಿ. ಹೊರಡುವ ದಿನ ಒಳ್ಳೆಯದಲ್ಲದಿದ್ದರೆ ಮುಂಚಿನ ಒಳ್ಳೆಯ ದಿನ ಅಕ್ಕಿ, ಅಡಿಕೆ, ಹೊರಡುವವರು ಉಡುವ ಬಟ್ಟೆ ಕಟ್ಟಿ ಬೇರೆಯವರ ಮನೆಯಲ್ಲಿ ಇಟ್ಟು ಬರುವುದು. ಅಲ್ಲಿಗೆ ಪ್ರಯಾಣ ಶುರುವಾದಂತೆ. ಆ ಗಂಟನ್ನು ಮತ್ತೆ ಮನೆಯೊಳಗೆ ತರುವಂತಿಲ್ಲ, ಹೋಗುವಾಗ ಜೊತೆಗೇ ಒಯ್ಯಬೇಕು. ಯಜಮಾನರು ನಕ್ಕರು, ಆದರೂ ತಮ್ಮ ಅಂಗಿ ಕೊಟ್ಟರು. ಮಕ್ಕಳ ಫ್ರಾಕು, ನನ್ನ ಸೀರೆ ಸೇರಿಸಿ ಗಂಟು ಕಟ್ಟಿ ಎದುರು ಮನೆಯ ಮರಾಠಿ ಬಾಯಿಯವರಲ್ಲಿ ಇಟ್ಟು, ನಾನು ಸಂತೆಗೆ ಹೋದೆ.

ಶುಕ್ರವಾರ ಬೆಳಿಗ್ಗೆ ವ್ಯಾನು ತುಂಬಿತ್ತು. ಡೇರೆ, ಸ್ಟೋ, ಖಡಕ್ ರೊಟ್ಟಿಯ ಡಬ್ಬಿ, ಯಜಮಾನರು ಅಕ್ಕನ ಮನೆಯಿಂದ ತಂದ ಮಡಚುವ ಕುರ್ಚಿ ಬೇರೆ. ಅತ್ತೆಯನ್ನು ಕರೆದೊಯ್ಯಲು ಹಡಪಸರದಿಂದ ನಾದಿನಿ ಇನ್ನೇನು ಬರುವುದರಲ್ಲಿದ್ದಳು. ನಾನು ಗಂಟು ತರಲು ಎದುರು ಮನೆಗೆ ಹೋದೆ.

ಮರಾಠಿ ಬಾಯಿಯವರು ಎರಡು ಗಂಟು ತಂದು ಕೈಗಿಟ್ಟರು. "ಹೇ ಆಜೀಂಚಂ" ಅಂದರು, ಇದು ಅಜ್ಜಿಯದು ಅಂತ. ನಿನ್ನೆ ನಾನು ಸಂತೆಗೆ ಹೋದಾಗ ಅತ್ತೆಯೇ ಬಂದು ಇಟ್ಟು ಹೋಗಿದ್ದರಂತೆ. ಇಳಕಲ್ ಸೀರೆಯ ಅಂಚು ಹೊರಗೆ ಇಣುಕುತ್ತಿತ್ತು, ಮೊಣಕಾಲಿಗೆ ಹಚ್ಚುವ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ನನಗೆ ನಗುವೂ ಬಂತು, ಅಳುವೂ ಬಂತು.

ಎರಡೂ ಗಂಟನ್ನು ಕೆಳಗೆ ವ್ಯಾನಿನ ಬಳಿ ಒಯ್ದು ಯಜಮಾನರ ಮುಂದೆ ಹಿಡಿದೆ. ಅವರು ಸೀರೆಯ ಅಂಚು ನೋಡಿದರು, ನನ್ನ ಮುಖ ನೋಡಿದರು. ಮಡಚುವ ಕುರ್ಚಿಯನ್ನು ವ್ಯಾನಿನಿಂದ ಎಳೆದು ಗೋಡೆಗೆ ಆನಿಸಿಟ್ಟರು. ಅಷ್ಟರಲ್ಲಿ ಅತ್ತೆ ಚಪ್ಪಲಿ ಮೆಟ್ಟಿ, ಕಟಾಂಜನ ಹಿಡಿದು, ಒಂದೊಂದೇ ಮೆಟ್ಟಿಲು ಇಳಿದು ಬಂದರು.

"ಅವ್ವಾ, ನೀನೂ ಹೊಂಟಿಯೇನ? ಮೊದಲ ಹೇಳಬಾರದ?"

ಅತ್ತೆ ನನ್ನ ಕೈಯಿಂದ ಗಂಟು ತೆಗೆದುಕೊಂಡು ವ್ಯಾನಿನ ಆ ಖಾಲಿ ಜಾಗದಲ್ಲಿ ಕೂತರು.

"ನಾ ನಿನ್ನೇನ ಹೊಂಟೇನಪಾ. ತಡಾ ಮಾಡಿದವರು ನೀವು."